ಗಾಡಿಗಷ್ಟೇ ಅಲ್ಲ, ಗುಂಡಿಗೆಗೂ ತಾಲೀಮು

“ಓಡುವುದು ಎಂಜಿನ್, ನನಗೇಕೆ ವ್ಯಾಯಾಮ ಡಾಕ್ಟರೇ?” ಮಣ್ಣಿನ ಹಾದಿಯ ಬೈಕ್ ರೇಸಿಗೆ ಹೆಸರು ಕೊಟ್ಟಿದ್ದ 25ರ ತರುಣ ಕೇಳಿದ. ಉಬ್ಬುತಗ್ಗುಗಳಲ್ಲಿ ನಿಂತೇ ಗಾಡಿ ನಿಭಾಯಿಸಬೇಕು. ತೊಡೆ, ಬೆನ್ನು, ಮುಂಗೈ ಬಿಗಿದೇ ಇರುತ್ತವೆ. ಜತೆಗೆ ಉದ್ವೇಗ. ಮೋಟೋಕ್ರಾಸ್ ಸವಾರರ ನಾಡಿಬಡಿತ ಗರಿಷ್ಠ ಮಿತಿಯ ಶೇ. 90 ದಾಟುವುದುಂಟು.

220ರಲ್ಲಿ ವಯಸ್ಸು ಕಳೆದರೆ ಆ ಮಿತಿಯ ಅಂದಾಜು ಸಿಗುತ್ತದೆ (ಬರೀ ಅಂದಾಜು!). ಇವನಿಗೆ 195. ವಾರಕ್ಕೆ ನಾಲ್ಕು ದಿನ ಅರ್ಧ ಗಂಟೆ ಓಟವೋ ಸೈಕಲ್ಲೋ ಸಾಕು. ನಾಡಿ 125ರಿಂದ 145ರೊಳಗಿರಲಿ. ನಿಂತ ಕೂಡಲೇ ಮಣಿಕಟ್ಟಿನಲ್ಲಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ದುಬಾರಿ ಗಡಿಯಾರ ಬೇಕಿಲ್ಲ. ಬಿರುಸಿನ ಓಟ ಒಂದೆರಡು ತಿಂಗಳ ನಂತರ.

ಶ್ರಮಪಟ್ಟಾಗ ಎದೆ ಹಿಡಿದರೆ, ತಲೆ ಸುತ್ತಿದರೆ ಮೊದಲು ತಪಾಸಣೆ. ಮನೆಯವರ ಬಗ್ಗೆ ವಿಚಾರಿಸಿದಾಗ ಆತ ಮೆಲ್ಲಗೆ ಹೇಳಿದ: ತಂದೆ 42ಕ್ಕೇ ಹೃದಯಾಘಾತದಿಂದ ಹೋದರಂತೆ. ಹೃದಯತಜ್ಞರ ಪರೀಕ್ಷೆ ಮುಗಿಯುವವರೆಗೆ ಬೈಕಿನ ಕೀ ಈಗ ತಾಯಿಯ ಬಳಿ ಇದೆ.