ಸಿರೋಸಿಸ್: ದಣಿದ ಕಾವಲು ಕಣಗಳು

ಸಿರೋಸಿಸ್ ಎಂದೊಡನೆ ನಮಗೆ ನೆನಪಾಗುವುದು ಕಾಮಾಲೆ, ಜಲೋದರ, ರಕ್ತವಾಂತಿ. ಆದರೆ ಈ ರೋಗಿಗಳಲ್ಲಿ ಅನೇಕರ ಸ್ಥಿತಿ ಹಠಾತ್ತನೆ ಕೆಡುವುದು ಸೋಂಕಿನಿಂದ. ಯಕೃತ್ತು ಕೆಟ್ಟರೆ ಸೋಂಕು ತಗಲುವುದೇಕೆ?

ಯಕೃತ್ತಿಗೆ ಬರುವ ರಕ್ತದ ಸುಮಾರು ಮುಕ್ಕಾಲು ಪಾಲು ಪೋರ್ಟಲ್ ರಕ್ತನಾಳದ ಮೂಲಕ, ಮುಖ್ಯವಾಗಿ ಕರುಳಿನಿಂದ ಬರುತ್ತದೆ. ಆಹಾರದ ಸಾರದೊಡನೆ ಬ್ಯಾಕ್ಟೀರಿಯಾಗಳೂ ಅವುಗಳ ಚೂರುಗಳೂ ಅದರಲ್ಲಿ ಬರುವುದುಂಟು. ಯಕೃತ್ತಿನ ಸೂಕ್ಷ್ಮನಾಳಗಳಲ್ಲಿ ನೆಲೆಸಿರುವ ಕುಪ್ಫರ್ ಕಣಗಳು ಅವನ್ನು ಹಿಡಿದು ನುಂಗುತ್ತವೆ. ಕಾರ್ಲ್ ಫಾನ್ ಕುಪ್ಫರ್ ಎಂಬ ವಿಜ್ಞಾನಿಯಿಂದ ಇವಕ್ಕೆ ಈ ಹೆಸರು.

ಸಿರೋಸಿಸ್‌ನಲ್ಲಿ ಮೃದುವಾದ ಯಕೃತ್ತಿನೊಳಗೆ ನಾರು ಬೆಳೆದು ಗಂಟುಗಳಾಗುತ್ತವೆ. ದಾರಿ ಇಕ್ಕಟ್ಟಾದ ರಕ್ತವು ಅಡ್ಡದಾರಿ ಹಿಡಿದು, ಕುಪ್ಫರ್ ಕಣಗಳ ಕಣ್ತಪ್ಪಿಸಿ ದೇಹವನ್ನೆಲ್ಲ ಸೇರುತ್ತದೆ. ಕರುಳಿನ ಒಳಪದರವೂ ಸಡಿಲಗೊಂಡು ಇನ್ನಷ್ಟು ಬ್ಯಾಕ್ಟೀರಿಯಾಗಳಿಗೆ ಎಡೆಗೊಡುತ್ತದೆ. ಇದರಿಂದ ಬಿಳಿ ರಕ್ತಕಣಗಳು ಹಗಲಿರುಳೂ ಕೆರಳಿಯೇ ಇರಬೇಕಾಗುತ್ತದೆ. ‘ರೋಗನಿರೋಧಕ ಶಕ್ತಿ ಕುಗ್ಗಿದೆ’ ಎಂಬ ಮಾತು ಇಲ್ಲಿ ಅರ್ಧ ಸತ್ಯವಷ್ಟೇ. ಈ ಕಣಗಳು ನಿದ್ರಿಸುತ್ತಿಲ್ಲ, ಎಚ್ಚರವಿದ್ದೂ ಇದ್ದೂ ಸೋತಿವೆ. ನ್ಯೂಟ್ರೋಫಿಲ್‌ಗಳು ಬ್ಯಾಕ್ಟೀರಿಯಾಗಳನ್ನು ನುಂಗಿ ಕೊಲ್ಲುವುದರಲ್ಲಿ ಹಿಂದೆ ಬೀಳುತ್ತವೆ. ರೋಗಾಣುವಿನ ಗುರುತನ್ನು ಇತರ ಕಣಗಳಿಗೆ ತೋರಿಸಲು ಮಾನೊಸೈಟ್‌ಗಳ ಮೈಮೇಲಿರುವ ಎಚ್‌ಎಲ್‌ಎ-ಡಿಆರ್ ಎಂಬ ಅಣುಗಳು, ರೋಗ ಉಲ್ಬಣಿಸಿದಂತೆ, ಕಡಿಮೆಯಾಗುತ್ತವೆ. ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು ಅವನ್ನು ನುಂಗಲು ನೆರವಾಗುವ ಕಾಂಪ್ಲಿಮೆಂಟ್ ಪ್ರೋಟೀನುಗಳನ್ನು ಬಹುಪಾಲು ತಯಾರಿಸುವುದೂ ಯಕೃತ್ತೇ. ಆ ಉತ್ಪಾದನೆಯೂ ಇಳಿಯುತ್ತದೆ.

ಹೀಗಾಗಿ ಹೊಟ್ಟೆಯೊಳಗೆ ಯಾವ ಗಾಯವಿಲ್ಲದೆಯೂ ಜಲೋದರದ ನೀರಿನಲ್ಲಿ ಸೋಂಕು ತಲೆದೋರಬಹುದು. ಆ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷಿಸಿದಾಗ ಒಂದು ಘನ ಮಿಲಿಮೀಟರಿನಲ್ಲಿ 250ಕ್ಕಿಂತ ಹೆಚ್ಚು ನ್ಯೂಟ್ರೋಫಿಲ್‌ಗಳು ಕಂಡರೆ, ವೈದ್ಯರು ಕಲ್ಚರ್ ವರದಿಗೆ ಕಾಯದೆ ಆ್ಯಂಟಿಬಯಾಟಿಕ್ ಆರಂಭಿಸುತ್ತಾರೆ.

ಮನೆಯವರು ವಿಶೇಷವಾಗಿ ಗಮನಿಸಬೇಕಾದುದೊಂದಿದೆ. ಇಂಥ ಸೋಂಕಿನಲ್ಲಿ ಜ್ವರ ಬಾರದೆಯೂ ಇರಬಹುದು. ‘ಮೈ ಬಿಸಿಯಿಲ್ಲವಲ್ಲ, ನಾಳೆ ನೋಡೋಣ’ ಎಂದು ಕಾಯುವುದು ನಮ್ಮಲ್ಲಿ ಸಾಮಾನ್ಯ. ಈ ರೋಗದಲ್ಲಿ ಆ ಒಂದು ದಿನ ಪ್ರಾಣಕ್ಕೇ ಎರವಾದೀತು. ಮಂಪರು, ಗೊಂದಲದ ಮಾತು, ಹಗಲು ನಿದ್ದೆ ರಾತ್ರಿ ಎಚ್ಚರ, ಹೊಟ್ಟೆನೋವು, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಯಾವುದು ಹೊಸದಾಗಿ ಕಂಡರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹೆಪಟೈಟಿಸ್-ಬಿ, ನ್ಯೂಮೋಕಾಕಸ್ ಮತ್ತು ಫ್ಲೂ ಲಸಿಕೆಗಳ ಬಗ್ಗೆ ರೋಗದ ಆರಂಭದಲ್ಲಿಯೇ ವೈದ್ಯರನ್ನು ಕೇಳುವುದು ಒಳಿತು. ಕಣಗಳು ಸೋತ ಮೇಲೆ ಲಸಿಕೆಗೆ ದೇಹವು ಸ್ಪಂದಿಸುವುದೂ ಕಡಿಮೆ.