ಪುತ್ತೂರಲ್ಲಿ ಕೂತು ಫ್ರೆಂಚ್ ಕಲಿಯುವವರಿಗೆ

ಮಾಂಟ್ರಿಯಲ್‌ನಲ್ಲಿ ಹುಟ್ಟಿದ ಮೊಮ್ಮಗಳ ಜೊತೆ ಅವಳ ಶಾಲೆಯ ಭಾಷೆಯಲ್ಲಿ ನಾಲ್ಕು ಮಾತಾಡಬೇಕೆನ್ನುವ ಪುತ್ತೂರಿನ ಅಜ್ಜಿ, ಫ್ರಾನ್ಸಿಗೆ ಓದಲು ಹೊರಟ ಸುಳ್ಯದ ಎಂಜಿನಿಯರ್, ಕೆನಡಾ ಪಿಆರ್‌ಗೆ ಅಂಕ ಲೆಕ್ಕ ಹಾಕುವ ಕಡಬದ ನರ್ಸ್. ಇಂಥವರ ಕೈಗೆ ಸಿಗುವ ಪುಸ್ತಕ, ಆ್ಯಪ್, ವಿಡಿಯೊಗಳು ಹೆಚ್ಚಿನವೂ ಇಂಗ್ಲಿಷ್ ಬಲ್ಲವರಿಗೆಂದೇ ಮಾಡಿದವು. ಅವುಗಳಲ್ಲಿ ಕಷ್ಟ ಎಂದು ಬರೆದಿರುವ ಎಷ್ಟೋ ಸಂಗತಿಗಳು ಇಂಗ್ಲಿಷಿನವರಿಗೆ ಕಷ್ಟ, ನಮಗಲ್ಲ.

ಮೊದಲು ಉಚ್ಚಾರಣೆ. ಫ್ರೆಂಚಿನ ‘ಟಿ’, ‘ಡಿ’ ಅಕ್ಷರಗಳು ನಮ್ಮ ತ, ದ. ‘ತಾಬ್ಲ್’ ಎಂದರೆ ಮೇಜು. ಅದನ್ನು ‘ಟೇಬಲ್’ನ ಟ ಹಾಕಿ ಹೇಳಿದರೆ ಕೆಟ್ಟಿತು. ಇನ್ನು ತುಳುವರಿಗೆ ಒಂದು ಹೆಚ್ಚಿನ ಅನುಕೂಲ ಇದೆ. ‘ಯಾನ್ ಬತ್ತೆ’, ‘ಆಯೆ ಬತ್ತೆ’ ಎರಡನ್ನೂ ಬರೆಯುವುದು ಒಂದೇ ರೀತಿ. ಆದರೆ ‘ನಾನು ಬಂದೆ’ ಎನ್ನುವಾಗ ಕೊನೆಯ ಎಕಾರಕ್ಕೆ ಬಾಯಿ ಅಗಲ ತೆರೆಯುತ್ತದೆ, ‘ಅವನು ಬಂದ’ ಎನ್ನುವಾಗ ಇಲ್ಲ. ಫ್ರೆಂಚಿನಲ್ಲೂ ಇಂಥ ಎರಡು ಎಕಾರಗಳಿವೆ. ‘ಮಾತಾಡಿದೆ’ ಎನ್ನುವ ‘ಪಾರ್ಲೆ’ಯ ಕೊನೆ ಕಿರಿದು, ‘ಮಾತಾಡುತ್ತಿದ್ದೆ’ ಎನ್ನುವ ‘ಪಾರ್ಲೆ’ಯ ಕೊನೆ ಅಗಲ. ತುಳು ಕೇಳಿ ಬೆಳೆದ ಕಿವಿಗೆ ಇದು ತಾನಾಗಿ ಹಿಡಿಯುತ್ತದೆ.

ಪದಗಳಿಗೆ ತೋಟಕ್ಕೇ ಇಳಿಯೋಣ. ಅಡಿಕೆ ‘ನ್ವಾ ದಾರೆಕ್’, ತೆಂಗಿನಕಾಯಿ ‘ನ್ವಾ ದ ಕೊಕೊ’, ಗೇರುಬೀಜ ‘ನ್ವಾ ದ ಕಾಝು’, ಜಾಯಿಕಾಯಿ ‘ನ್ವಾ ದ ಮ್ಯುಸ್ಕಾದ್’. ಗೇರು ಸಂಶೋಧನಾ ನಿರ್ದೇಶನಾಲಯ ಇರುವ ಊರಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ? ‘ನ್ವಾ’ ಒಂದನ್ನು ಕಲಿತರೆ ನಾಲ್ಕು ಬೆಳೆ ಬಂತು. ‘ದ’ ಮುಂದೆ ‘ಆರೆಕ್’ ಬಂದಾಗ ಅಕಾರ ಬಿದ್ದುಹೋಗಿ ‘ದಾರೆಕ್’ ಆದದ್ದು ಎಂಟನೇ ಕ್ಲಾಸಿನ ಲೋಪಸಂಧಿಯೇ, ಊರು ಅಲ್ಲಿ ಸೇರಿ ಊರಲ್ಲಿ ಆದ ಹಾಗೆ. ‘ಮ್ಯುಸ್ಕಾದ್’ನ ಉಕಾರಕ್ಕೆ ಮಾತ್ರ ನಮ್ಮಲ್ಲಿ ಅಕ್ಷರವಿಲ್ಲ: ‘ಈ’ ಎನ್ನುತ್ತಾ ತುಟಿಯನ್ನಷ್ಟೇ ‘ಊ’ಗೆ ಗುಂಡಗೆ ಮಾಡಬೇಕು. ಕನ್ನಡಿ ಮುಂದೆ ನಿಂತು ಮಾಡಿ, ಮನೆಯವರು ನಕ್ಕರೆ ನಗಲಿ.

ನಿಜವಾದ ತೊಡಕು ಲಿಂಗ. ‘ನ್ವಾ’ ಸ್ತ್ರೀಲಿಂಗ, ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಯಾಕೆ ಎಂದು ಕೇಳಿ ಪ್ರಯೋಜನವಿಲ್ಲ. ಮನೆಯಲ್ಲಿ ಕೊಂಕಣಿ ಅಥವಾ ಚಿತ್ಪಾವನಿ ಮಾತಾಡುವವರು ಇಲ್ಲಿ ಉಳಿದವರಿಗಿಂತ ಮುಂದೆ. ವಸ್ತುವಿಗೂ ಲಿಂಗ ಹಚ್ಚುವುದು ಅವರಿಗೆ ಹೊಸತಲ್ಲ. ಬಾಕಿಯವರು ‘ಲಾ ತಾಬ್ಲ್’, ‘ಲ ಲೀವ್ರ್’ ಎಂದು ಮುಂದಿನ ತುಂಡನ್ನೂ ಸೇರಿಸಿಯೇ ಬಾಯಿಪಾಠ ಮಾಡಬೇಕು. ಬರೀ ಪದ ಕಲಿತು ಲಿಂಗ ಆಮೇಲೆ ನೋಡೋಣ ಎಂದವರು ಎಲ್ಲವನ್ನೂ ಎರಡು ಸಲ ಕಲಿಯಬೇಕಾಗುತ್ತದೆ.

ಕ್ರಿಯಾಪದಗಳಲ್ಲಿ ‘ಎತ್ರ್’ ನಮ್ಮ ‘ಇರು’. ‘ಬಂದಿದ್ದೇನೆ’ ಒಳಗೆ ‘ಬಂದು’, ‘ಇದ್ದೇನೆ’ ಎರಡೂ ಇವೆಯಲ್ಲ, ‘ಝ ಸ್ವಿ ವೆನ್ಯು’ ಕೂಡ ಹಾಗೆಯೇ, ಕ್ರಮ ಮಾತ್ರ ತಿರುಗುಮುರುಗು. ‘ಆವ್ವಾರ್’ ಹಾಗಲ್ಲ. ಅದು ‘ಹೊಂದಿರು’ ಎನ್ನುವ ಕ್ರಿಯೆ. ‘ನನಗೆ ಇದೆ’ ಎನ್ನುವ ನಮಗೆ ಒಗ್ಗುವುದಿಲ್ಲ. ಹಸಿವು, ಬಾಯಾರಿಕೆ, ವಯಸ್ಸು ಎಲ್ಲವೂ ಅದರ ಮೇಲೆಯೇ ನಿಂತಿವೆ. ‘ಝೆ ಫ್ಯಾಂ’, ನನಗೆ ಹಸಿವು. ಇಂಗ್ಲಿಷನ್ನು ನಂಬಿ ಇಲ್ಲಿ ‘ಎತ್ರ್’ ಹಾಕುವುದು ಹೊಸಬರು ಹೆಚ್ಚಾಗಿ ಮಾಡುವ ತಪ್ಪು.

ನುಡಿಗಟ್ಟಿಗೆ ಆತುರ ಬೇಡ. ಮೊದಲ ವರ್ಷಕ್ಕೆ ಹತ್ತಿಪ್ಪತ್ತು ಧಾರಾಳ. ‘ಇಲ್ ಪ್ಲೆ ದೆ ಕೋರ್ದ್’, ಹಗ್ಗ ಹಗ್ಗವಾಗಿ ಮಳೆ ಎನ್ನುವುದು ಸುಬ್ರಹ್ಮಣ್ಯದ ಜುಲೈ ತಿಂಗಳಿಗೆ ಹೇಳಿ ಮಾಡಿಸಿದ್ದು.

ಕಿವಿ ತುಂಬಿಸಲು ಟಿವಿ5 ಮೋಂದ್‌ನ ಉಚಿತ ಪಾಠಗಳಿವೆ. ಸ್ವಲ್ಪ ಮುಂದೆ ಹೋದ ಮೇಲೆ ಆರ್‌ಎಫ್‌ಐ ರೇಡಿಯೊದ ಹತ್ತು ನಿಮಿಷದ ಸುಲಭ ಫ್ರೆಂಚ್ ವಾರ್ತೆ. ಪರೀಕ್ಷೆ ಯಾವುದು ಎನ್ನುವುದನ್ನು ಮೊದಲೇ ತೀರ್ಮಾನಿಸಿ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ ‘ಟೆಫ್ ಕೆನಡಾ’ ಅಥವಾ ‘ಟಿಸಿಎಫ್ ಕೆನಡಾ’ ಬೇಕು, ಅದರ ಫಲಿತಾಂಶಕ್ಕೆ 2 ವರ್ಷ ಬೆಲೆ. ಡೆಲ್ಫ್ ಪ್ರಮಾಣಪತ್ರ ಜೀವಮಾನಕ್ಕೆ ನಡೆಯುತ್ತದೆ, ಆದರೆ ಅಲ್ಲಿ ನಡೆಯುವುದಿಲ್ಲ. ಡೆಲ್ಫ್ ಬರೆಯುವವರಿಗೆ ಬೆಂಗಳೂರಿನ ಅಲಿಯಾನ್ಸ್ ಫ್ರಾನ್ಸೆಸ್ ಇದೆ. ಆರಂಭದ ಎ1 ಹಂತದಲ್ಲಿ ಕೇಳು, ಓದು, ಬರೆ, ಮಾತಾಡು, ತಲಾ 25 ಅಂಕ. ಪಾಸಾಗಲು 100ಕ್ಕೆ 50, ಯಾವುದರಲ್ಲೂ 5ಕ್ಕಿಂತ ಕಡಿಮೆ ಆಗಬಾರದು. ಮಾತಿನ ಭಾಗದಲ್ಲಿ ಪರೀಕ್ಷಕರು ಅಂಗಡಿಯವರಾಗುತ್ತಾರೆ, ನೀವು ಗಿರಾಕಿ. ಅವರಿಗೆ ‘ವು’ ಎಂದೇ ಹೇಳಿ, ಅದು ನಮ್ಮ ನೀವು, ತುಳುವಿನ ‘ಈರ್’. ಬೆಲೆ ‘ಕಾತ್ರ್ ವ್ಯಾಂ ದೀಸ್’ ಎಂದು ಬಂದರೆ ನಾಲ್ಕು ಇಪ್ಪತ್ತು, ಮೇಲೆ ಹತ್ತು: 90 ಯೂರೊ. ಈ ಲೆಕ್ಕವನ್ನು ಮನೆಯಲ್ಲೇ, ದಿನದ ಅಡಿಕೆ ಧಾರಣೆ ಫ್ರೆಂಚಿನಲ್ಲಿ ಓದಿ ಹೇಳುತ್ತಾ ರೂಢಿ ಮಾಡಿಕೊಂಡು ಹೋಗಿ.