ವರ್ಷಕ್ಕೆ ಶೇಕಡ ಒಂದು: ಅಪಾಯದ ಲೆಕ್ಕ

ರಕ್ತದಲ್ಲಿ ಎಂ-ಪ್ರೋಟೀನು ಇದ್ದೂ ರೋಗಲಕ್ಷಣಗಳಿಲ್ಲದ ಸ್ಥಿತಿಯೇ ಎಂಜಿಯುಎಸ್. ಇದು ಕ್ಯಾನ್ಸರ್ ಅಲ್ಲ. ಆದರೆ ಕೆಲವರಲ್ಲಿ ಮುಂದೆ ಮಲ್ಟಿಪಲ್ ಮೈಲೋಮ ಎಂಬ ಅಸ್ಥಿಮಜ್ಜೆಯ ಕ್ಯಾನ್ಸರಿಗೆ ಅಥವಾ ಅದಕ್ಕೆ ಸಂಬಂಧಿಸಿದ ರೋಗಗಳಿಗೆ ತಿರುಗಬಹುದು. ಅಮೆರಿಕದ ಮೇಯೋ ಕ್ಲಿನಿಕ್‌ನ ರಾಬರ್ಟ್ ಕೈಲ್ ಮತ್ತು ಸಂಗಡಿಗರು 1384 ಮಂದಿಯನ್ನು ಅಧ್ಯಯನ ಮಾಡಿ, ಈ ಅಪಾಯ ವರ್ಷಕ್ಕೆ ಸುಮಾರು 1% ಎಂದು 2002ರಲ್ಲಿ ಪ್ರಕಟಿಸಿದರು.

ಹಾಗಾದರೆ 20 ವರ್ಷಕ್ಕೆ 20% ಆಗುವುದೇ? ಇಲ್ಲ. ವಿಕಿರಣಶೀಲ ಕ್ಷಯದಂತೆ, ಉಳಿದವರಲ್ಲಿ ಮಾತ್ರ ಪ್ರತಿವರ್ಷ 1% ಎಂದು ಎಣಿಸಬೇಕು. 0.99ರ 20ನೆಯ ಘಾತ 0.82, ಅಪಾಯ 18%. 2018ರ ವರದಿಯೂ ಇದನ್ನೇ ಹೇಳಿತು.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಒಂದು ಐಸೊಟೋಪಿನ ಪರಮಾಣುಗಳೆಲ್ಲ ಒಂದೇ ತೆರ, ಮನುಷ್ಯರು ಹಾಗಲ್ಲ. ಎಂ-ಪ್ರೋಟೀನು ಹೆಚ್ಚಿದ್ದವರಿಗೆ ಅಪಾಯವೂ ಹೆಚ್ಚು. ಹತ್ತು ವರ್ಷ ಏನೂ ಆಗಲಿಲ್ಲವೆಂದು ತಪಾಸಣೆ ಬಿಡುವುದೂ, ಕ್ಯಾನ್ಸರ್ ಬಂದೇ ತೀರುತ್ತದೆಂದು ಕೊರಗುವುದೂ ಎರಡೂ ಲೆಕ್ಕ ತಪ್ಪಿದ ನಡೆಗಳೇ.